ಕ್ಯಾಪ್ಟನ್ ಕೈಯಲ್ಲಿ ಬರೆಸಿದ ಕಾಗದಗಳು

ಮಿಲಿಟರಿ ನಾಯಕರ ಪ್ರೇಮಕಥೆ ಬರೆದು ನಾನು ಹದಿನೆಂಟು ವರ್ಷ ಅನ್ನ ತಿಂದಿದ್ದೇನೆ. ಅಷ್ಟೂ ವರ್ಷದಲ್ಲಿ ಒಂದು ದಿನವೂ ಮಿಲಿಟರಿ ಕ್ಯಾಂಪಿನ ಗೇಟು ದಾಟಿದವಳಲ್ಲ, ಬಂದೂಕು ಮುಟ್ಟಿದವಳಲ್ಲ, ಹಿಮ ಕಂಡವಳಲ್ಲ. ನಾನು ನೋಡಿದ ಅತಿ ದೊಡ್ಡ ಕವಾಯತು ಅಂದರೆ ಬನ್ನಿಮಂಟಪದ ಪಂಜಿನ ಕವಾಯತು, ಅದೂ ಹಿಂದಿನ ಸಾಲಿನಲ್ಲಿ ಕೂತು, ಮುಂದಿನವರ ತಲೆಗಳ ಸಂದಿಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈಗ ಮೊಬೈಲಿನಲ್ಲಿ ಕಂತು ಕಂತಾಗಿ ಕಥೆ ಬರೆಯುವ ಹುಡುಗಿಯರು ವಿಜಯನಗರದ ನಮ್ಮ ಮನೆಗೆ ಬಂದು, "ಆಂಟಿ, ಆರ್ಮಿ ಹೀರೋನ ಹೇಗೆ ಬರೀಬೇಕು?" ಅಂತ ಕೇಳುತ್ತಾರೆ. ನಾನೇನೋ ಗಡಿಯಲ್ಲಿ ಡ್ಯೂಟಿ ಮಾಡಿ ಬಂದವಳು ಅನ್ನುವ ಹಾಗೆ!

ಹೇಗೆ ಬರೆಯಬೇಕು ಅಂತ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಬರೆದದ್ದು ಆಮೇಲೆ ಎಲ್ಲೆಲ್ಲಿಗೆ ಹೋಗಿ ಏನೇನು ಮಾಡುತ್ತದೆ ಅನ್ನುವುದು ಸ್ವಲ್ಪ ಗೊತ್ತು. ನಾನು ಬರೆದ ಕಾಗದಗಳಿಂದ ಕುಂಬಾರಕೊಪ್ಪಲಿನ ಒಂದು ಸಂಸಾರ ಮುರಿದು ಬೀಳುವುದರಲ್ಲಿತ್ತು. ಅದನ್ನು ಹೇಳುವುದಕ್ಕೇ ಈ ಬರಹ. ಆದರೆ ಆ ಕಾಗದಗಳು ಹುಟ್ಟಿದ್ದು ಹೇಗೆ ಅಂತ ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ, ಹಾಗಾಗಿ ಪ್ರೆಸ್ಸಿನಿಂದ ಶುರು ಮಾಡುತ್ತೇನೆ.

ತೊಂಬತ್ತರ ದಶಕದ ಆರಂಭ. ಬನ್ನಿಮಂಟಪದ ಕಡೆಯ ಒಂದು ಪ್ರೆಸ್ಸಿನಲ್ಲಿ ನಾನು ಪ್ರೂಫ್ ತಿದ್ದುವವಳು. ಕೈಯಲ್ಲಿ ಕೆಂಪು ಪೆನ್ಸಿಲ್, ಎದುರಿಗೆ ಹಸಿ ಶಾಯಿಯ ಹಾಳೆ. ಮಾಲೀಕರು ಮರಿಸ್ವಾಮಪ್ಪನವರು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಬಾಯಲ್ಲಿ ಸದಾ ಬೈಗುಳ. ಮಠದ ಪಂಚಾಂಗ ಅಚ್ಚಾಗುತ್ತಿದ್ದ ಅದೇ ಯಂತ್ರದಲ್ಲಿ ತಿಂಗಳಿಗೊಂದು ಪ್ರೇಮ ಕಾದಂಬರಿಯೂ ಅಚ್ಚಾಗುತ್ತಿತ್ತು. ಇದೇನು ಸಾರ್ ಹೀಗೆ ಅಂತ ಯಾರಾದರೂ ಕೇಳಿದರೆ, "ಪಂಚಾಂಗ ವರ್ಷಕ್ಕೊಂದ್ಸಲ ಬೇಕು, ಪ್ರೀತಿ ತಿಂಗ್ಳು ತಿಂಗ್ಳೂ ಬೇಕು ಕಣ್ರೀ" ಅನ್ನುತ್ತಿದ್ದರು.

ಆ ದಂಧೆಯಲ್ಲಿ ಮುಖಪುಟ ಮೊದಲು, ಕಥೆ ಆಮೇಲೆ. ಬಣ್ಣದ ಮುಖಪುಟ ನಮ್ಮಲ್ಲಿ ಅಚ್ಚಾಗುತ್ತಿರಲಿಲ್ಲ, ಹೊರಗೆ ಕೊಟ್ಟು ಎಷ್ಟೋ ಮುಂಚೆಯೇ ಮಾಡಿಸಿಡಬೇಕಿತ್ತು. ಒಂದು ತಿಂಗಳು, ಬರೆಯಬೇಕಾಗಿದ್ದ ಲೇಖಕರು ಕಾಮಾಲೆ ಬಂದು ಮಲಗಿಬಿಟ್ಟರು. ಮುಖಪುಟ ಮಾತ್ರ ಬಂದು ಕೂತಿತ್ತು: ಸಮವಸ್ತ್ರ ತೊಟ್ಟ ಗಂಡಸು, ಮರದ ಮರೆಯಲ್ಲಿ ನೀಲಿ ಸೀರೆಯ ಹೆಂಗಸು.

"ಗಿರಿಜಮ್ಮ, ಎಲ್ಲಾರ ಕಥೆನೂ ತಿದ್ತೀರಲ್ಲ, ನೀವೇ ಒಂದು ಬರೆದ್ಬುಡಿ."

"ನನಗೆ ಮಿಲಿಟರಿ ಏನೂ ಗೊತ್ತಿಲ್ಲ ಸಾರ್."

"ಓದೋವ್ರಿಗೂ ಗೊತ್ತಿಲ್ಲ. ಬರೀರಿ."

ಮೂರು ವಾರದಲ್ಲಿ ಬರೆದೆ. ನೀಲಿ ಸೀರೆ ಇತ್ತಲ್ಲ, ಅದಕ್ಕೆ ನಾಯಕಿ ಒಂದು ಅಧ್ಯಾಯ ಪೂರ್ತಿ ನೀಲಿ ಸೀರೆ ಹುಡುಕುತ್ತಾಳೆ. ವಿದ್ಯುತ್ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಹಸ್ತಪ್ರತಿ ಓದಿ, "ನಿನ್ನ ಕ್ಯಾಪ್ಟನ್ ಊಟ ಯಾವಾಗ ಮಾಡ್ತಾನೆ?" ಅಂತ ಮಾತ್ರ ಕೇಳಿದರು. ಪುಸ್ತಕ ಚೆನ್ನಾಗಿಯೇ ಹೋಯಿತು. ಅಲ್ಲಿಂದ ಮಿಲಿಟರಿ ಅಂದರೆ ಗಿರಿಜಮ್ಮ ಅಂತಾಯಿತು.

ಇನ್ನೊಂದು ಕಟ್ಟುಪಾಡು ಇತ್ತು. ಒಂದು ಫಾರಂ ಅಂದರೆ ಹದಿನಾರು ಪುಟ. ಕಾದಂಬರಿ ಎಂಟು ಫಾರಂ, ಒಂದು ಪುಟ ಹೆಚ್ಚಾಗುವ ಹಾಗಿಲ್ಲ, ಕಡಿಮೆಯೂ ಆಗುವ ಹಾಗಿಲ್ಲ. ಹೆಚ್ಚಾದರೆ ನಾಯಕಿಯ ಸೋದರತ್ತೆಯನ್ನೋ ಗೆಳತಿಯನ್ನೋ ಕತ್ತರಿಸಿ ಎಸೆಯುವುದು. ಕಡಿಮೆಯಾದರೆ? ಮರಿಸ್ವಾಮಪ್ಪನವರು ಅಚ್ಚಿನ ಮೊಳೆ ಜೋಡಿಸುವ ಕಡೆಯಿಂದಲೇ ಕೂಗುತ್ತಿದ್ದರು: "ಗಿರಿಜಮ್ಮಾ, ಐದು ಪುಟ ಕಮ್ಮಿ ಬಿತ್ತು. ಕ್ಯಾಪ್ಟನ್ ಕೈಲಿ ಒಂದು ಕಾಗದ ಬರೆಸ್ಬುಡಿ!" ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಬರೆಸುತ್ತಿದ್ದೆ. 'ಪ್ರಿಯೆ, ಇಲ್ಲಿ ಹಿಮ ಸುರಿಯುವಾಗಲೆಲ್ಲ ನಿನ್ನ ಉಸಿರು ನನ್ನ ಕೊರಳನ್ನು ತಾಕಿದಂತಾಗುತ್ತದೆ...' ಐದು ಪುಟ ತುಂಬುವವರೆಗೆ ಹಿಮ ಸುರಿಯುತ್ತಿತ್ತು. ಓದುಗರು ಮೆಚ್ಚಿ ಬರೆಯುತ್ತಿದ್ದದ್ದೆಲ್ಲ ಈ ಕಾಗದಗಳ ಬಗ್ಗೆಯೇ. ನನಗೆ ಒಳಗೊಳಗೇ ನಗು ಬರುತ್ತಿತ್ತು.

ಓದುವವರಿಗೆ ಮಿಲಿಟರಿ ಗೊತ್ತಿಲ್ಲ ಅಂತ ಮಾಲೀಕರು ಹೇಳಿದ್ದು ಸುಳ್ಳು. ನನ್ನ ಮೂರನೇ ಕಾದಂಬರಿ ಬಂದ ವಾರ, ಕುಂಬಾರಕೊಪ್ಪಲಿನಿಂದ ಸೈಕಲ್ ತುಳಿದುಕೊಂಡು ಒಬ್ಬರು ಪ್ರೆಸ್ಸಿಗೆ ಬಂದರು. ನೆಟ್ಟಗೆ ನಿಂತ ಬೆನ್ನು, ಬಿಳಿ ಮೀಸೆ. ನಂಜೇಗೌಡರು, ನಿವೃತ್ತ ಸುಬೇದಾರರು. ಪುಸ್ತಕದ ತುಂಬ ಗುರುತು ಹಾಕಿಕೊಂಡು ಬಂದಿದ್ದರು.

"ಏನವ್ವಾ, ನಿಮ್ಮ ಈರೋ ಇಪ್ಪತ್ತಾರು ವರ್ಷಕ್ಕೇ ಕರ್ನಲ್ ಆಗವ್ನಲ್ಲ, ತಾಯಿ ಒಟ್ಟೇಲಿದ್ದಾಗ್ಲೇ ಭರ್ತಿ ಆಗಿದ್ನಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಬಿಡಲಿಲ್ಲ. "ಇಲ್ಲಿ ನೋಡಿ, ತಲೆ ಮೇಲೆ ಟೋಪಿ ಇಲ್ದೆ ಸಲ್ಯೂಟ್ ಒಡೀತಾನೆ. ಟೋಪಿ ಇಲ್ದೆ ಸಲ್ಯೂಟ್ ಒಡಿಯಂಗಿಲ್ಲ ಕಣವ್ವ. ಇಲ್ಲಿ ಕೂದ್ಲು ಗಾಳಿಗೆ ಆರಾಡ್ತದೆ. ಆರೋಷ್ಟು ಕೂದ್ಲ ಬುಟ್ಟವ್ರ್ ಯಾರು ಅವನ್ಗೆ? ಮತ್ತೆ ನೆನೆಸ್ಕೊಂಡಾಗೆಲ್ಲ ರಜ ಹಾಕ್ಕೊಂಡು ಬತ್ತಾನಲ್ಲ, ಅದೇನು ಅವ್ರ ಮಾವನ ಪಲ್ಟನ್ನಾ?"

ಅವತ್ತಿನಿಂದ ಹಸ್ತಪ್ರತಿ ಮೊದಲು ಗೌಡರ ಮನೆಗೆ, ಆಮೇಲೆ ಪ್ರೆಸ್ಸಿಗೆ. ಅವರು ಪ್ರೀತಿಯ ಭಾಗಗಳನ್ನು ಓದುತ್ತಿರಲಿಲ್ಲ. ಸಮವಸ್ತ್ರ, ರಜೆ, ರ‍್ಯಾಂಕು, ಬಂದೂಕು ಇದ್ದ ಕಡೆ ಮಾತ್ರ ಬೆರಳಿಟ್ಟು ನೋಡಿ, ಸರಿಯಿದ್ದರೆ "ಪಾಸ್" ಅನ್ನುತ್ತಿದ್ದರು. ಹೊಸದಾಗಿ ಬರೆಯುವವರಿಗೆ ನನ್ನ ಮಾತು ಇಷ್ಟೇ: ನಿಮಗೊಬ್ಬರು ನಂಜೇಗೌಡರು ಬೇಕು, ಹೊಗಳುವವರು ಬೇಡ.

ಆಮೇಲೆ ಮೊಳೆ ಹೋಗಿ ಕಂಪ್ಯೂಟರ್ ಬಂತು. ಐದು ಪುಟ ಕಡಿಮೆಯಾದರೆ ಅಕ್ಷರ ದಪ್ಪ ಮಾಡಿದರಾಯಿತು, ಕ್ಯಾಪ್ಟನ್ ಕಾಗದ ಬರೆಯಬೇಕಾಗಿಲ್ಲ. ಟೀವಿ ಧಾರಾವಾಹಿಗಳು ಮನೆ ಹೊಕ್ಕ ಮೇಲೆ ತಿಂಗಳ ಕಾದಂಬರಿ ಓದುವವರು ಕರಗುತ್ತಾ ಹೋದರು. ಎರಡು ಸಾವಿರದ ದಶಕದ ಕೊನೆಯಲ್ಲಿ ಮಾಲಿಕೆ ನಿಂತಿತು, ನಾನೂ ನಿಂತೆ. ಅದರಲ್ಲಿ ದುಃಖಪಡುವಂಥದ್ದೇನಿಲ್ಲ. ನಾನು ಹೇಳಬೇಕೆಂದಿರುವುದು ಇನ್ನೂ ಮೊಳೆಯ ಕಾಲದಲ್ಲಿ, ಮನೆಮನೆಗೆ ಫೋನು ಬರುವ ಮುಂಚೆ ನಡೆದದ್ದು.

ಒಂದು ಬೆಳಿಗ್ಗೆ, ಒಗ್ಗರಣೆ ಹಾಕುತ್ತಿದ್ದೆ, ನಂಜೇಗೌಡರ ತಮ್ಮನ ಮಗಳು ಪುಷ್ಪ ಬಂದಳು. ಕುಂಬಾರಕೊಪ್ಪಲಿನಲ್ಲೇ ಗೌಡರ ಹಿಂದಿನ ಮನೆಯಲ್ಲಿ ಅವಳ ವಾಸ. ರವಿಕೆ ಹೊಲಿಯುತ್ತಾಳೆ, ಎಂಟು ವರ್ಷದ ಮಗಳಿದ್ದಾಳೆ, ಗಂಡ ಮಹದೇವ ಸೇನೆಯಲ್ಲಿ ಹವಾಲ್ದಾರ್, ರಾಜಸ್ಥಾನದಲ್ಲಿದ್ದಾನೆ. ಇಷ್ಟು ನನಗೆ ಗೊತ್ತಿತ್ತು. ಅವಳು ಕೂರಲಿಲ್ಲ. ಚೀಲದಿಂದ ನನ್ನ ಒಂದು ಕಾದಂಬರಿ ತೆಗೆದು ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ದಾರ ಕಟ್ಟಿದ ಒಂದು ಕಟ್ಟು ಇನ್‌ಲ್ಯಾಂಡ್ ಕಾಗದ ಇಟ್ಟಳು.

"ದೊಡ್ಡಪ್ಪನ ಮನೇಲಿ ಬಿದ್ದಿತ್ತು ಮೇಡಂ ನಿಮ್ ಪುಸ್ತಕ. ಸುಮ್ನೆ ಬಿಡಿಸಿದೆ. ಎಂಬತ್ತೊಂದನೇ ಪುಟ ಓದ್ನೋಡಿ. ಆಮೇಲೆ ಈ ಕಾಗದ ಓದಿ."

ಎಂಬತ್ತೊಂದನೇ ಪುಟದಲ್ಲಿ ನನ್ನ ಕ್ಯಾಪ್ಟನ್ನಿನ ಹಿಮ ಸುರಿಯುತ್ತಿತ್ತು. ಮಹದೇವನ ಕಾಗದದಲ್ಲೂ ಅದೇ ಹಿಮ, ಅದೇ ಉಸಿರು, ಅದೇ ಕೊರಳು. ನಾಯಕಿಯ ಹೆಸರಿದ್ದ ಕಡೆ 'ಪುಷ್ಪ' ಅಂತಿತ್ತು, ಅಷ್ಟೇ ವ್ಯತ್ಯಾಸ. ಇನ್ನೊಂದು ಕಾಗದ ಬಿಡಿಸಿದೆ, ಅದು ನನ್ನ ಐದನೇ ಕಾದಂಬರಿಯದು. ಮತ್ತೊಂದು ಏಳನೆಯದು.

"ರಾಜಸ್ಥಾನದಲ್ಲಿ ಹಿಮ ಬೀಳುತ್ತಾ ಅಂತ ನಿನಗೆ ಅನುಮಾನ ಬರಲಿಲ್ವೇನಮ್ಮ?" ಅಂದೆ. ಅನ್ನಬಾರದಿತ್ತು, ಬಾಯಿಂದ ಬಂದುಬಿಟ್ಟಿತು.

"ನಾನೇನ್ ಕಂಡಿದ್ದೀನಾ ರಾಜಸ್ಥಾನ? ಬೀಳುತ್ತೇನೋ ಅಂದ್ಕೊಂಡೆ. ಚಳೀಲಿ ಒದ್ದಾಡ್ತಾವ್ರೆ ಅಂತ ಸ್ವೆಟರ್ ಹೆಣೆದು ಕಳಿಸ್ದೆ ಮೇಡಂ!" ಅವಳು ಬಿಡಿಸಿದ ಕಾಗದಗಳನ್ನು ನನ್ನ ಕಡೆಗೆ ತಳ್ಳಿದಳು. "ಮದುವೆಯಾಗಿ ಹನ್ನೊಂದು ವರ್ಷ. ಜೊತೇಲಿದ್ದಿದ್ದು ಲೆಕ್ಕ ಹಾಕಿದ್ರೆ ಎರಡು ವರ್ಷ ಆಗಲ್ಲ. ಉಳಿದ್ದೆಲ್ಲ ಈ ಕಾಗದದಲ್ಲೇ ಸಂಸಾರ. ಹಂಗಾದ್ರೆ ನಾನು ಸಂಸಾರ ಮಾಡಿದ್ದು ನಿಮ್ ಜೊತೆ, ಅವರ ಜೊತೆ ಅಲ್ಲ."

ಅಯ್ಯೋ ಶಿವನೇ. ಸ್ಟೂಲಿನ ಮೇಲೆ ಕೂತು ಪುಟ ತುಂಬಿಸಲು ಗೀಚಿದ್ದನ್ನು ಈ ಹೆಣ್ಣುಮಗಳು ದಾರ ಕಟ್ಟಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಒಲೆಯ ಮೇಲೆ ಒಗ್ಗರಣೆ ಸೀದು ಹೋಯಿತು.

ಅವಳು ಗಂಡನಿಗೆ ಕಾಗದ ಬರೆಯುವುದನ್ನು ನಿಲ್ಲಿಸಿ ಎರಡು ತಿಂಗಳಾಗಿತ್ತು. ಅವನಿಂದ ಈಚೆಗೆ ಬಂದ ಮೂರು ಕಾಗದಗಳನ್ನು ಬಿಡಿಸಿ, ಮೊದಲ ಸಾಲಿನಲ್ಲೇ ಕಾದಂಬರಿ ಕಂಡು, ಮುಂದೆ ಓದದೆ ಮಡಿಸಿ ಕಟ್ಟಿಗೆ ಸೇರಿಸಿದ್ದಳು. "ಇನ್ನೇನು ಓದೋದು, ಎಲ್ಲಾ ನಿಮ್ದೇ ತಾನೆ" ಅಂದಳು. ನಾನೇ ಮೊದಲಿನಿಂದ ಓದಲು ಕೂತೆ. ಹತ್ತು ವರ್ಷ ಪ್ರೂಫ್ ತಿದ್ದಿದ ಕೈ, ಕೆಂಪು ಪೆನ್ಸಿಲ್ ಇಲ್ಲದೆ ನನಗೆ ಓದಲು ಬಾರದು.

"ನನ್ನ ಸಾಲುಗಳನ್ನ ಹೊಡೆದುಹಾಕ್ಲೇನಮ್ಮ?"

"ಹೊಡೀರಿ. ಅವು ನನ್ನವಲ್ವಲ್ಲ."

ಹೊಡೆಯುತ್ತಾ ಹೋದೆ. ಹಿಮ ಹೋಯಿತು, ಉಸಿರು ಹೋಯಿತು, ಬೆಳದಿಂಗಳು ಹೋಯಿತು. ನನ್ನ ಬರವಣಿಗೆ ಇಷ್ಟು ಕೆಟ್ಟದಾಗಿತ್ತೇ ಅಂತ ಮಧ್ಯೆ ಮಧ್ಯೆ ಅನ್ನಿಸುತ್ತಲೂ ಇತ್ತು. ಪ್ರತಿ ಕಾಗದದ ಕೊನೆಯಲ್ಲಿ, ಅಂಟು ಹಚ್ಚುವ ಪಟ್ಟಿಯ ಪಕ್ಕದ ಸಣ್ಣ ಜಾಗದಲ್ಲಿ, ಒತ್ತೊತ್ತಾಗಿ ಬರೆದ ಒಂದೆರಡು ಸಾಲುಗಳು ಮಾತ್ರ ಉಳಿಯುತ್ತಿದ್ದವು. 'ಎಡಗಡೆ ಹಲ್ಲಲ್ಲಿ ಅಗಿಯಬೇಡ, ದುಡ್ಡಿನ ಮುಖ ನೋಡದೆ ಡಾಕ್ಟರ ಹತ್ತಿರ ಹೋಗು.' 'ಮೆಷಿನ್ ಕಿಟಕಿ ಪಕ್ಕಕ್ಕೆ ಎಳೆದುಕೋ, ಕಣ್ಣು ಹಾಳಾಗುತ್ತೆ.' 'ಪಾಪು ನನ್ನನ್ನು ಮಾವ ಅಂತ ಕರೆದಳಲ್ಲ, ಅದು ಇನ್ನೂ ಮನಸ್ಸಿನಲ್ಲಿದೆ.' ಅವನ್ನು ಒಂದೊಂದಾಗಿ ಪುಷ್ಪನಿಗೆ ಓದಿ ಹೇಳಿದೆ.

"ಇವು ನನ್ನವಲ್ಲ ಕಣಮ್ಮ. ನನ್ನ ಕ್ಯಾಪ್ಟನ್‌ಗೆ ಯಾವತ್ತೂ ಯಾರ ಹಲ್ಲುನೋವೂ ಗೊತ್ತಿರಲಿಲ್ಲ."

ಅವಳು ಆಗ ಕೂತಳು. ನಾನು ಕೊನೆಯ ಕಾಗದಕ್ಕೆ ಬಂದೆ, ಅವಳು ಓದದೇ ಮಡಿಸಿಟ್ಟ ಮೂರರಲ್ಲಿ ಮೂರನೆಯದು. ಮೇಲೆ ಅರ್ಧ ಪುಟ ನನ್ನದು. ಹೊಡೆದುಹಾಕಿದೆ. ಕೆಳಗೆ ಹೀಗಿತ್ತು: 'ಸರ್ವೀಸ್ ಮುಗಿಯುತ್ತಾ ಬಂತು. ಇನ್ನೂ ಎರಡು ವರ್ಷಕ್ಕೆ ಒಪ್ಪಿಗೆ ಬರೆದುಕೊಡಲೋ, ಊರಿಗೆ ಬಂದುಬಿಡಲೋ? ಮುಂದಿನ ತಿಂಗಳ ಕೊನೆಗೆ ಹೇಳಬೇಕು. ಎರಡು ಸಲ ಕೇಳಿದೆ, ನಿನ್ನ ಕಾಗದ ಇಲ್ಲ. ನಾನು ಬರುವುದು ನಿನಗೆ ಬೇಡವೇನೋ. ಹಾಗಿದ್ದರೆ ಇಲ್ಲೇ ಇರುತ್ತೇನೆ.'

ಆ 'ಮುಂದಿನ ತಿಂಗಳು' ಆಗಲೇ ಬಂದಿತ್ತು. ಗೋಡೆಯ ಕ್ಯಾಲೆಂಡರ್ ನೋಡಿದೆವು. ಹನ್ನೊಂದು ದಿನ ಉಳಿದಿತ್ತು. ಕಾಗದ ಹೋಗುವುದಕ್ಕೇ ಎಂಟೋ ಹತ್ತೋ ದಿನ ಬೇಕು.

ಪುಷ್ಪ ಎದ್ದಳು, ಕೂತಳು, ಮತ್ತೆ ಎದ್ದಳು. ಇಬ್ಬರೂ ಆಟೋ ಮಾಡಿಕೊಂಡು ನಂಜೇಗೌಡರ ಮನೆಗೆ ಓಡಿದೆವು. ಎಲ್ಲಾ ಕೇಳಿ ಗೌಡರು ಮೊದಲು ನಕ್ಕುಬಿಟ್ಟರು. "ಕಾಗದ ಬರಿಯಾಕೆ ಬಾರ್ದವ್ರು ಪಲ್ಟನ್ನಲ್ಲಿ ಬರೋವ್ರ ಕೈಲಿ ಬರೆಸ್ಕೊಳ್ಳೋದು ನಮ್ಮ ಕಾಲ್ದಿಂದ್ಲೂ ಐತೆ. ಇವನು ರಜಕ್ಕೆ ಬಂದಾಗ ನನ್ನ ಮನೆಯಿಂದ ಒತ್ಕೊಂಡೋಯ್ತಿದ್ದ ಪುಸ್ತಕದ ಕೈಲಿ ಬರೆಸ್ಕೊಂಡವ್ನೆ, ಅಷ್ಟೇಯ!" ತಾರೀಖು ಕೇಳಿದ ಮೇಲೆ ನಗು ನಿಂತಿತು. "ಒಂದ್ಸಲ ಬರೆದುಕೊಟ್ಮೇಲೆ ವಾಪಸ್ ಕೇಳೋದು ಕಷ್ಟ ಕಣವ್ವ. ತಂತಿ ಕೊಟ್ಬುಡು."

"ತಂತಿ ಬೇಡ ದೊಡ್ಡಪ್ಪ. ಪೋಸ್ಟಾಫೀಸ್‌ನವರು ಇಂಗ್ಲಿಷಲ್ಲಿ ಬರೀತಾರೆ. ಮತ್ತೆ ಬೇರೆಯವರ ಮಾತೇ ಆಗೋಯ್ತಲ್ಲ?" ಅಂದಳು ಪುಷ್ಪ.

"ಮಾತು ಯಾರ್ದಾದ್ರೇನು, ಬೇಗ ಹೋಗ್ಲಿ ಅಂತ!" ಗೌಡರು ರೇಗಿದರು. ಅವಳು ಜಗ್ಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ತಪ್ಪು ನನ್ನದು, ಸರಿಪಡಿಸುವುದೂ ನನ್ನ ಕೆಲಸ ಅಂತ, ಕೇಳುವ ಮುಂಚೆಯೇ ಅರ್ಧ ಪುಟ ಬರೆದು ಅವಳ ಮುಂದಿಟ್ಟೆ. ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಅದು ನಿಜವಾಗಿ ಚೆನ್ನಾಗಿತ್ತು. ಅವಳು ಓದಿದಳು. ಎರಡು ತಿಂಗಳ ಮೇಲೆ ಮೊದಲ ಸಲ ಅವಳ ಮುಖದಲ್ಲಿ ನಗು ಬಂದಿರಬೇಕು.

"ಚೆನ್ನಾಗಿದೆ ಮೇಡಂ. ಆದ್ರೆ ಅವರಿಗೆ ತಕ್ಷಣ ಗೊತ್ತಾಗ್ಬುಡುತ್ತೆ. ನಿಮ್ಮ ಬರವಣಿಗೆ ಎಲ್ಲಾ ಅವರಿಗೆ ಬಾಯಿಪಾಠ ಅಲ್ವಾ!"

ಆಮೇಲೆ ಹೊಲಿಗೆ ಮೆಷಿನ್ನಿನ ಮೇಲೆ ಇನ್‌ಲ್ಯಾಂಡ್ ಇಟ್ಟುಕೊಂಡು ತಾನೇ ಬರೆದಳು. ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ನನಗೆ ತೋರಿಸಲೂ ಇಲ್ಲ. ಅಂಟು ಹಚ್ಚಿ, ನಾನು ನೋಡುತ್ತಿದ್ದಂತೆಯೇ ಹೋಗಿ ಡಬ್ಬಿಗೆ ಹಾಕಿ ಬಂದಳು.

ಆ ಹನ್ನೊಂದು ದಿನ ನಾನು ಒಂದಕ್ಷರ ಬರೆಯಲಿಲ್ಲ. ಬರೆಯಲು ಕೂತರೆ, ಮರುಭೂಮಿಯಲ್ಲಿ ಸ್ವೆಟರ್ ಇಟ್ಟುಕೊಂಡು ಕೂತ ಒಬ್ಬ ಮನುಷ್ಯ ಕಣ್ಣ ಮುಂದೆ ಬರುತ್ತಿದ್ದ. ಪ್ರೆಸ್ಸಿಗೆ ಹೋಗಿ, "ಸಾರ್, ಇನ್ಮೇಲೆ ಪುಟ ತುಂಬಿಸೋಕೆ ಕಾಗದ ಬರೆಸಲ್ಲ" ಅಂದೆ.

"ಮತ್ತೆ ಕಮ್ಮಿ ಬಿದ್ದ ಪುಟಕ್ಕೆ ಏನ್ ಹಾಕ್ಲಮ್ಮ, ಪಂಚಾಂಗ ಹಾಕ್ಲಾ?" ಅಂತ ಮರಿಸ್ವಾಮಪ್ಪನವರು ಹಾರಾಡಿದರು. ನಡೆದದ್ದನ್ನು ಹೇಳಿದೆ. ಅವರು ಹಾರಾಟ ನಿಲ್ಲಿಸಿ, "ಆ ಹುಡುಗಿ ಉತ್ರ ಟೈಮಿಗೆ ಮುಟ್ಟಿತಾ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಅವತ್ತಿನಿಂದ ದಿನಾ ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ ಅದನ್ನೇ ಕೇಳುತ್ತಿದ್ದರು.

ತಿಂಗಳು ಮುಗಿಯಿತು. ಮುಂದಿನ ತಿಂಗಳೂ ಒಂದು ವಾರ ಕಳೆಯಿತು. ಕುಂಬಾರಕೊಪ್ಪಲಿಗೆ ಹೋಗಿ ವಿಚಾರಿಸುವ ಧೈರ್ಯ ನನಗಿರಲಿಲ್ಲ. ಅವನು ಎರಡು ವರ್ಷಕ್ಕೆ ಬರೆದುಕೊಟ್ಟುಬಿಟ್ಟಿದ್ದರೆ ಆ ಮಗುವಿಗೆ ಮತ್ತೆರಡು ವರ್ಷ ಅಪ್ಪ ಇಲ್ಲ, ಮತ್ತು ಅದಕ್ಕೆ ಕಾರಣ ನಾನು. ಯಜಮಾನರು, "ನೀನೇನು ಬಂದೂಕು ಹಿಡಿದು ಕಾಪಿ ಮಾಡು ಅಂದಿದ್ದಾ?" ಅಂತ ಸಮಾಧಾನ ಹೇಳಿದರು. ಸಮಾಧಾನ ಆಗಲಿಲ್ಲ.

ಒಂದು ಮಧ್ಯಾಹ್ನ ಗೇಟಿನ ಸದ್ದಾಯಿತು. ಪುಷ್ಪ ನಿಂತಿದ್ದಳು, ಕೈಯಲ್ಲಿ ಇನ್‌ಲ್ಯಾಂಡ್. ಮುಖ ನೋಡಿದರೆ ಅತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು, ಯಾತಕ್ಕೆ ಅಂತ ಗೊತ್ತಾಗುತ್ತಿರಲಿಲ್ಲ. ಒಳಗೆ ಬಂದು ಕಾಗದ ನನ್ನ ಕೈಗೆ ಕೊಟ್ಟಳು.

'ಪುಷ್ಪ, ನಿನ್ನ ಕಾಗದ ಬರುವ ಹಿಂದಿನ ದಿನ ಸೈನ್ ಮಾಡಿಬಿಟ್ಟಿದ್ದೆ. ಸಾಹೇಬರ ಹತ್ತಿರ ಹೋಗಿ ವಾಪಸ್ ಕೊಡಿ ಅಂದೆ. ಬೈದರು. ಕಾರಣ ಕೇಳಿದರು. ನಿನ್ನ ಕಾಗದ ತೋರಿಸಿದೆ. ಅವರಿಗೆ ಕನ್ನಡ ಬರಲ್ಲ, ನಾನೇ ಹಿಂದಿಯಲ್ಲಿ ಹೇಳಿದೆ. ಬೈಯೋದಾದ್ರೂ ಇಲ್ಲಿಗೆ ಬಂದು ನಿಮ್ಮ ಬಾಯಲ್ಲೇ ಬೈರಿ, ಬಂದ್ಬುಡಿ ಅಂತ ಬರೆದಿದ್ದೀಯಲ್ಲ, ಅದನ್ನು ಹೇಳುವಾಗ ನನಗೆ ಮಾತು ನಿಂತುಹೋಯಿತು. ನಾನು ಸೈನ್ ಮಾಡಿದ್ದನ್ನು ಸಾಹೇಬರು ಹರಿದುಹಾಕಿದರು. ಬರುತ್ತಾ ಇದ್ದೇನೆ. ಸ್ವೆಟರ್ ಇಲ್ಲಿ ಒಬ್ಬನಿಗೆ ಕೊಟ್ಟೆ, ಅವನು ಕಾಶ್ಮೀರಕ್ಕೆ ಹೋಗುತ್ತಿದ್ದಾನೆ. ಸಿಟ್ಟು ಮಾಡಬೇಡ.'

ಓದಿ ಮುಗಿಸುವಷ್ಟರಲ್ಲಿ ನನ್ನ ಕನ್ನಡಕ ಮಂಜಾಗಿತ್ತು. ಸೆರಗಿನಲ್ಲಿ ಒರೆಸಿಕೊಂಡೆ. ಪುಷ್ಪ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.

"ಮೇಡಂ, ಇದ್ರಲ್ಲಿ ನಿಮ್ದು ಏನಾದ್ರೂ ಇದೆಯಾ?"

"ಇಲ್ಲ ಕಣಮ್ಮ."

"ಸರ್ಯಾಗ್ ನೋಡಿ ಹೇಳಿ. ಯಾವುದಾದ್ರೂ ಹಳೇ ಪುಸ್ತಕದ್ದು ಇರ್ಬೋದು, ನಿಮಗೆ ಮರೆತೋಗಿರ್ಬೋದು."

ಅವಳ ಸಮಾಧಾನಕ್ಕೆ ಮತ್ತೆ ಮೊದಲಿನಿಂದ, ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಓದಿದೆ.

"ಒಂದಕ್ಷರವೂ ನನ್ನದಲ್ಲ" ಅಂದೆ.

ಅವಳು ಕಾಗದ ನನ್ನ ಕೈಯಿಂದ ಕಿತ್ತುಕೊಂಡು ರವಿಕೆಯೊಳಗೆ ಇಟ್ಟುಕೊಂಡಳು.